ಕಾಮನಬಿಲ್ಲಿನ ಹಾಡನ್ನು ಬರೆದವರ ಹೆಸರು

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಹಳೆಯ ಹಾಲಿವುಡ್ ಚಿತ್ರಗೀತೆಗಳ ಬಗ್ಗೆ ಬಂದ ಲೇಖನವನ್ನು ಸಂತೋಷದಿಂದ ಓದಲು ತೊಡಗಿ, ಅಷ್ಟೇನೂ ಸಂತೋಷವಿಲ್ಲದೆ ಮುಗಿಸಿದೆ. 1939ರ 'ದಿ ವಿಜಾರ್ಡ್ ಆಫ್ ಓಜ್' ಚಿತ್ರದ 'ಓವರ್ ದ ರೈನ್‌ಬೋ' ಹಾಡಿಗೆ ಲೇಖಕರು ಹೆಚ್ಚುಕಡಿಮೆ ಅರ್ಧ ಪುಟವನ್ನೇ ಕೊಟ್ಟಿದ್ದಾರೆ. ಹಾಡಿದ ಜೂಡಿ ಗಾರ್ಲೆಂಡ್ ಅವರ ಹೆಸರು ಹಲವು ಸಲ ಬಂದಿದೆ, ಸಂಗೀತ ಸಂಯೋಜಿಸಿದ ಹೆರಾಲ್ಡ್ ಆರ್ಲೆನ್ ಅವರ ಹೆಸರು ಒಂದು ಸಲ ಬಂದಿದೆ, ಕಥಾನಾಯಕಿಯ ನಾಯಿಮರಿ ಟೋಟೋ ಕೂಡ ಹೆಸರು ಹೇಳಿಸಿಕೊಂಡಿದೆ. ಹಾಡನ್ನು ಬರೆದ ಇ. ವೈ. ಹಾರ್ಬರ್ಗ್ ಅವರ ಹೆಸರು ಮಾತ್ರ ಎಲ್ಲಿಯೂ ಇಲ್ಲ. ಸಾಹಿತ್ಯದ ವಿಷಯಕ್ಕೆ ಬಂದಾಗ, ಅದು ಮುಗ್ಧ ಬಾಲೆಯೊಬ್ಬಳ ಹಗಲುಗನಸು, ಅದರಲ್ಲಿ ಹೆಚ್ಚಿನ ಅರ್ಥವನ್ನು ಹುಡುಕಬೇಕಾಗಿಲ್ಲ ಎಂಬ ಒಂದು ವಾಕ್ಯದಲ್ಲಿ ಮಾತು ಮುಗಿದಿದೆ. ಇವು ಎರಡು ತಪ್ಪುಗಳಲ್ಲ, ಒಂದೇ ತಪ್ಪಿನ ಎರಡು ಮುಖ ಎಂಬುದು ನನ್ನ ತಕರಾರು: ಬರೆದವರು ಯಾರೆಂದು ತಿಳಿದಿದ್ದರೆ ಆ ವಾಕ್ಯವನ್ನು ಲೇಖಕರು ಬರೆಯುತ್ತಿರಲಿಲ್ಲ. ಪತ್ರ ಉದ್ದವಾಗಿದೆ, ಕತ್ತರಿ ಆಡಿಸಲೇಬೇಕಾದರೆ ನನ್ನ ಸ್ವಂತದ ಮಾತುಗಳ ಮೇಲೆ ಆಡಿಸಬೇಕೆಂದು ವಿನಂತಿ.

ಆ ಸ್ವಂತದ ಮಾತು ಇಷ್ಟೇ. ನಾನು ಬಾನುಲಿಯಲ್ಲಿ ಉದ್ಘೋಷಕನಾಗಿ ದುಡಿದು ನಿವೃತ್ತನಾದವನು. ಧ್ವನಿಮುದ್ರಿಕೆ ತಿರುಗುವ ಮೊದಲು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ಒಂದೊಂದೇ ಹೆಸರನ್ನು ಓದಿ ಹೇಳುವುದು ನಮ್ಮ ಕೆಲಸದ ಭಾಗವಾಗಿತ್ತು. ಕೇಳುಗರು ಮಾರನೆಯ ದಿನ ಅದನ್ನು 'ರಾಜ್‌ಕುಮಾರ್ ಹಾಡು' ಎಂದೇ ಕರೆಯುತ್ತಿದ್ದರು, ಚಿ. ಉದಯಶಂಕರ್ ಅವರ ಹೆಸರನ್ನು ನಾವು ಎಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದರೂ ಅಷ್ಟೇ. ಆದರೂ ಆ ಅಭ್ಯಾಸದಿಂದಾಗಿ ಯಾವ ಧ್ವನಿಮುದ್ರಿಕೆ ಕೈಗೆ ಬಂದರೂ ನಡುವಿನ ದುಂಡು ಚೀಟಿಯ ಮೇಲಿನ ಸಣ್ಣ ಅಕ್ಷರವನ್ನು ಮೊದಲು ಓದುವ ಚಾಳಿ ನನಗೆ ಅಂಟಿಕೊಂಡಿದೆ. ಪರಿಚಿತರೊಬ್ಬರ ಮನೆಯಲ್ಲಿ ಹಳೆಯ ಅಮೆರಿಕನ್ ಹಾಡುಗಳ ಸಂಗ್ರಹವೊಂದನ್ನು ತಿರುವಿ ಹಾಕುತ್ತಿದ್ದಾಗ, ಒಂದು ಹಾಡಿನ ಕೆಳಗೆ 'ಹಾರ್ಬರ್ಗ್–ಗೋರ್ನಿ' ಎಂದೂ ಇನ್ನೊಂದರ ಕೆಳಗೆ 'ಹಾರ್ಬರ್ಗ್–ಆರ್ಲೆನ್' ಎಂದೂ ಇದ್ದದ್ದು ಕಣ್ಣಿಗೆ ಬಿತ್ತು. ಮೊದಲನೆಯದು ಬ್ರೆಡ್ಡಿಗಾಗಿ ಸರತಿಯಲ್ಲಿ ನಿಂತ ನಿರುದ್ಯೋಗಿಯ ಹಾಡು, ಎರಡನೆಯದು ತಾವು ಅಚ್ಚು ಹಾಕಿದ ಕಾಮನಬಿಲ್ಲಿನ ಹಾಡು. ಎರಡನ್ನೂ ವರ್ಷಗಟ್ಟಲೆ ಕೇಳಿದ್ದ ನನಗೆ ಅವು ಒಂದೇ ಕೈಯಿಂದ ಬಂದವು ಎಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆದ್ದರಿಂದ ತಮ್ಮ ಲೇಖಕರನ್ನು ದೂರುವಾಗ ನನ್ನ ದನಿ ಅಷ್ಟೇನೂ ಏರುವುದಿಲ್ಲ.

ಇ. ವೈ. ಹಾರ್ಬರ್ಗ್, ಬಳಗದವರ ಬಾಯಲ್ಲಿ ಬರೀ 'ಯಿಪ್', 1896ರ ಏಪ್ರಿಲ್ 8ರಂದು ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಎಂಬ ಬಡವರ ಕೇರಿಯಲ್ಲಿ, ರಷ್ಯಾದಿಂದ ವಲಸೆ ಬಂದ ಯಹೂದಿ ದಂಪತಿಯ ಮಗನಾಗಿ ಹುಟ್ಟಿದರು. ಹುಟ್ಟು ಹೆಸರು ಇಸಿಡೋರ್ ಹಾಕ್‌ಬರ್ಗ್. ತಂದೆ ತಾಯಿ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಹುಡುಗ ಸಂಜೆ ಬೀದಿದೀಪ ಹಚ್ಚಿ ಬೆಳಗಾಗುತ್ತಲೇ ಆರಿಸಿ ಬರುವ ಕೆಲಸವನ್ನೂ ಮಾಡಿದ. ಟೌನ್‌ಸೆಂಡ್ ಹ್ಯಾರಿಸ್ ಶಾಲೆಯಲ್ಲಿ ಮಕ್ಕಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಕೂರಿಸುತ್ತಿದ್ದರು. ಇಂಗ್ಲಿಷಿನಲ್ಲಿ 'ಜಿ' ಆದ ಮೇಲೆ 'ಎಚ್' ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇವರ ಪಕ್ಕದಲ್ಲಿ ಕುಳಿತವನು ಐರಾ ಗರ್ಶ್ವಿನ್, ಮುಂದೆ ತಮ್ಮ ಜಾರ್ಜ್‌ನ ಸಂಗೀತಕ್ಕೆ ಮಾತು ಕೂಡಿಸಿ ಹೆಸರಾದ ಅದೇ ಐರಾ. ಇಂಗ್ಲಿಷ್ ಕವಿ ಡಬ್ಲ್ಯೂ. ಎಸ್. ಗಿಲ್ಬರ್ಟ್ ಅವರ ನಗೆಪದ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದ ಯಿಪ್‌ಗೆ, ಆ ಕವಿಯ ಮಾತುಗಳಿಗೆ ಸಂಗೀತವೂ ಇದೆ ಎಂದು ತಿಳಿದದ್ದು ಐರಾನ ಮನೆಯಲ್ಲಿ. ಅಲ್ಲಿದ್ದ ಗ್ರಾಮಫೋನಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ನರ ಗೀತನಾಟಕವನ್ನು ಮೊದಲ ಬಾರಿ ಕೇಳಿದಾಗ ದಂಗಾಗಿ ಹೋದೆ ಎಂದು ಅವರು ಮುದಿ ವಯಸ್ಸಿನಲ್ಲೂ ಹೇಳಿಕೊಳ್ಳುತ್ತಿದ್ದರು. ಓದಿಕೊಂಡಿದ್ದ ಪದ್ಯ ಹಾಡಾಗಿ ಕಿವಿಗೆ ಬೀಳುವ ಆ ಕ್ಷಣ ಎಂಥದೆಂದು, ಶಾಲೆಯ ಪುಸ್ತಕದಲ್ಲಿ ಬೇಂದ್ರೆಯವರನ್ನು ಓದಿ ಆಮೇಲೆ ಬಾನುಲಿಯಲ್ಲಿ ಕೇಳಿದ ನಮ್ಮ ಪೀಳಿಗೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಅವರು ಕೂಡಲೇ ಹಾಡು ಬರೆಯಲು ಕೂರಲಿಲ್ಲ. ಕೆಲಕಾಲ ಉರುಗ್ವೆಯಲ್ಲಿ ನೌಕರಿ ಮಾಡಿ ಬಂದು, ವಿದ್ಯುತ್ ಉಪಕರಣಗಳ ವ್ಯಾಪಾರಕ್ಕೆ ಇಳಿದು, ಚೆನ್ನಾಗಿಯೇ ದುಡ್ಡು ಮಾಡಿದರು. 1929ರಲ್ಲಿ ಷೇರುಪೇಟೆ ಕುಸಿದಾಗ ವ್ಯಾಪಾರವೂ ಮುಳುಗಿತು, ತಲೆಯ ಮೇಲೆ ದೊಡ್ಡ ಸಾಲವೂ ನಿಂತಿತು. ಕೈಯಲ್ಲಿ ಉಳಿದದ್ದು ಒಂದು ಪೆನ್ಸಿಲ್ ಮಾತ್ರ ಎಂಬುದು ಅವರ ಮಾತು. ವ್ಯಾಪಾರವೆಂಬ ಕನಸಿನ ಲೋಕ ಸಾಕಾಗಿ, ಹಾಡು ಬರೆಯುವ ವಾಸ್ತವಕ್ಕೆ ಬಂದೆ ಎಂದು ಅವರು ತಮಾಷೆ ಮಾಡುತ್ತಿದ್ದರು. ಅದು ಬರೀ ತಮಾಷೆಯಾಗಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಹಳೆಯ ಗೆಳೆಯ ಐರಾ ಸಾಲ ಕೊಟ್ಟು, ಜೇ ಗೋರ್ನಿ ಎಂಬ ಸಂಗೀತಗಾರರನ್ನು ಪರಿಚಯ ಮಾಡಿಸಿದರು. ಮೂವತ್ಮೂರನೆಯ ವಯಸ್ಸಿನಲ್ಲಿ, ದಿವಾಳಿಯೆದ್ದ ವ್ಯಾಪಾರಿಯೊಬ್ಬ ಹೀಗೆ ಗೀತರಚನಕಾರನಾದದ್ದು.

ಮೂರು ವರ್ಷಗಳ ನಂತರ, 1932ರ ಅಕ್ಟೋಬರಿನಲ್ಲಿ, ಅವರೂ ಗೋರ್ನಿಯೂ ಸೇರಿ ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಯ 'ಅಮೆರಿಕಾನಾ' ಎಂಬ ಹಾಡು–ಪ್ರಹಸನಗಳ ಪ್ರದರ್ಶನಕ್ಕೆ 'ಬ್ರದರ್, ಕ್ಯಾನ್ ಯು ಸ್ಪೇರ್ ಎ ಡೈಮ್?' ಎಂಬ ಹಾಡನ್ನು ಕೊಟ್ಟರು. ಹೂವರ್ ಮತ್ತು ರೂಸ್‌ವೆಲ್ಟ್ ಎದುರುಬದುರಾಗಿದ್ದ ಅಧ್ಯಕ್ಷ ಚುನಾವಣೆಗೆ ಆಗ ಒಂದು ತಿಂಗಳು ಉಳಿದಿತ್ತು. ಡೈಮ್ ಎಂದರೆ ಹತ್ತು ಸೆಂಟಿನ ನಾಣ್ಯ. ಅಣ್ಣಾ, ಒಂದು ಡೈಮ್ ಇದ್ದರೆ ಕೊಡು ಎಂಬುದು ಆಗ ನ್ಯೂಯಾರ್ಕಿನ ಬೀದಿಬೀದಿಯಲ್ಲಿ ಕೇಳಿಬರುತ್ತಿದ್ದ ಮಾತು. ಗೋರ್ನಿ ಬಾಲ್ಯದಲ್ಲಿ ರಷ್ಯಾದ ಆಳ್ವಿಕೆಯಲ್ಲಿದ್ದ ಬಿಯಾಲಿಸ್ಟಾಕ್‌ನಿಂದ ವಲಸೆ ಬಂದವರು. ಹಾಡಿನ ಧಾಟಿಗೆ ಮೂಲ ಅಲ್ಲಿ ಅವರು ಕೇಳಿದ್ದ ಒಂದು ಜೋಗುಳ. ಆ ಶೋಕದ ಧಾಟಿಗೆ ಹಾರ್ಬರ್ಗ್ ಅಳುವ ಮಾತನ್ನು ಹಾಕಬಹುದಿತ್ತು, ಹಾಕಲಿಲ್ಲ. ಅವರ ಹಾಡಿನ ಮನುಷ್ಯ ಭಿಕ್ಷುಕನಲ್ಲ. ರೈಲುಹಾದಿ ಹಾಕಿದವನು ನಾನು, ಇಟ್ಟಿಗೆ ಗಾರೆ ಹೊತ್ತು ಗಗನಚುಂಬಿ ಕಟ್ಟಡ ಎಬ್ಬಿಸಿದವನು ನಾನು, ಖಾಕಿ ತೊಟ್ಟು ಯುದ್ಧಕ್ಕೆ ಹೋದವನು ನಾನು ಎಂದು ಒಂದೊಂದಾಗಿ ಲೆಕ್ಕ ಒಪ್ಪಿಸಿ, ಹಾಗಿದ್ದ ಮೇಲೆ ಈ ಸಾಲಿನಲ್ಲಿ ನಾನೇಕೆ ನಿಂತಿದ್ದೇನೆ ಎಂದು ಅವನು ಕೇಳುತ್ತಾನೆ.

ಈ ಹಾಡಿನ ಸಂಬೋಧನೆಯಲ್ಲಿ ಆಗುವ ಒಂದು ಸಣ್ಣ ಬದಲಾವಣೆಯನ್ನು ಗಮನಿಸಬೇಕು. ಮೊದಲ ಸಲಗಳಲ್ಲಿ ದಾರಿಹೋಕನನ್ನು ಅವನು 'ಬ್ರದರ್' ಎಂದು ಕರೆಯುತ್ತಾನೆ, ಅದು ಯಾರನ್ನು ಬೇಕಾದರೂ ಕರೆಯಬಹುದಾದ 'ಅಣ್ಣಾ'. ಕೊನೆಗೆ, ನೆನಪಿಲ್ಲವೇ ನಿನಗೆ, ನಾವು ಜೊತೆಗಿದ್ದವರಲ್ಲವೇ ಎಂದು ತನ್ನ ಹೆಸರನ್ನೇ ಹೇಳಿಕೊಂಡ ಮೇಲೆ, 'ಬಡ್ಡಿ' ಎನ್ನುತ್ತಾನೆ. ಈ ಬಡ್ಡಿಗೂ ನಮ್ಮ ಸಾಲದ ಬಡ್ಡಿಗೂ ಸಂಬಂಧವಿಲ್ಲ. ಸೈನಿಕರು ತಮ್ಮ ಜೊತೆಗಾರನನ್ನು ಕರೆಯುವ ಸಲುಗೆಯ ಮಾತು ಅದು. ಒಂದು ಪದ ಬದಲಾದದ್ದರಿಂದ ಬೇಡುವವನೂ ಕೊಡುವವನೂ ಸಮಾನರಾಗಿಬಿಟ್ಟರು. ಬಿಂಗ್ ಕ್ರಾಸ್ಬಿ ಮತ್ತು ರೂಡಿ ವ್ಯಾಲಿ ಇಬ್ಬರೂ ಬೇರೆಬೇರೆಯಾಗಿ ಹಾಡಿ ಮುದ್ರಿಸಿದರು, ಎರಡೂ ಮನೆಮಾತಾದವು. ಮಾತು ವಿಚಾರವನ್ನು ಹುಟ್ಟಿಸುತ್ತದೆ, ಸಂಗೀತ ಭಾವವನ್ನು ಹುಟ್ಟಿಸುತ್ತದೆ, ಹಾಡು ವಿಚಾರವನ್ನೇ ಭಾವವಾಗಿಸುತ್ತದೆ ಎಂಬರ್ಥದ ಹಾರ್ಬರ್ಗ್ ಅವರ ಮಾತೊಂದು ಪ್ರಸಿದ್ಧವಾಗಿದೆ. ಅದಕ್ಕೆ ಈ ಹಾಡಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

ಅದೇ ಕಾಲದಲ್ಲಿ ಅವರು ವರ್ನನ್ ಡ್ಯೂಕ್ ಅವರ ಜೊತೆ ಪ್ಯಾರಿಸ್ಸಿನ ವಸಂತದ ಹಾಡನ್ನೂ, ಹೆರಾಲ್ಡ್ ಆರ್ಲೆನ್ ಅವರ ಜೊತೆ ಕಾಗದದ ಚಂದ್ರನ ಹಾಡನ್ನೂ ಬರೆದರು. ಈ ಎರಡನೆಯದು ನಮ್ಮ ವಿಷಯಕ್ಕೆ ಹತ್ತಿರದ್ದು. ಆಕಾಶ ಬರೀ ಬಣ್ಣ ಬಳಿದ ಬಟ್ಟೆ, ಚಂದ್ರ ಬರೀ ಕಾಗದ, ಆದರೆ ನೀನು ನನ್ನನ್ನು ನಂಬಿದರೆ ಇದೆಲ್ಲ ಸುಳ್ಳಾಗಿ ಉಳಿಯುವುದಿಲ್ಲ ಎಂಬುದು ಅದರ ತಿರುಳು. ಹೊಳೆಯುವ ಆಕಾಶವನ್ನು ನೋಡಿದಾಗಲೆಲ್ಲ ಇದರ ಹಿಂದೆ ಏನಿದೆ ಎಂದು ಕೇಳುವ ಸ್ವಭಾವ, ಷೇರುಪೇಟೆಯ ಕಾಗದದ ಸಂಪತ್ತನ್ನು ಕಂಡು ಕಳೆದುಕೊಂಡ ಮನುಷ್ಯನಿಗೆ ಸಹಜವಾಗಿಯೇ ಇತ್ತು.

ಇನ್ನು ಕಾಮನಬಿಲ್ಲಿಗೆ ಬರುತ್ತೇನೆ. 1938ರಲ್ಲಿ ಎಂಜಿಎಂ ಚಿತ್ರನಿರ್ಮಾಣ ಸಂಸ್ಥೆ ಆರ್ಲೆನ್ ಮತ್ತು ಹಾರ್ಬರ್ಗ್ ಜೋಡಿಯನ್ನು ಈ ಚಿತ್ರಕ್ಕೆ ನೇಮಿಸಿಕೊಂಡಿತು. ಫ್ರ್ಯಾಂಕ್ ಬಾಮ್ ಅವರ 1900ರ ಮೂಲ ಕಥೆಯಲ್ಲಿ ಕಾಮನಬಿಲ್ಲು ಇಲ್ಲ. ಅಲ್ಲಿ ಕಥಾನಾಯಕಿಯ ನಾಡಾದ ಕಾನ್ಸಾಸ್ ಎಂದರೆ ನೆಲ, ಮನೆ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲವೂ ಬೂದು ಬಣ್ಣ. ಮಳೆ ಕಾಣದ ಆ ಒಣ ಬಯಲಿನಲ್ಲಿ ಬೆಳೆಯುವ ಹುಡುಗಿ ಬಣ್ಣ ಎಂಬುದನ್ನು ನೋಡಿದ್ದರೆ ಅದು ಕಾಮನಬಿಲ್ಲಿನಲ್ಲಿ ಮಾತ್ರ ಇರಬೇಕು ಎಂದು ಯೋಚಿಸಿ, ಆ ಪ್ರತಿಮೆಯನ್ನು ಕಥೆಯೊಳಗೆ ತಂದವರು ಹಾರ್ಬರ್ಗ್. ಚಿತ್ರದಲ್ಲಿ ಕಾನ್ಸಾಸ್ ಕಂದು ಛಾಯೆಯಲ್ಲಿದ್ದು ಅವಳು ತಲುಪುವ ಓಜ್ ಎಂಬ ಮಾಯಾನಾಡು ಬಣ್ಣದಲ್ಲಿ ತೆರೆದುಕೊಳ್ಳುವುದಕ್ಕೂ ಈ ಹಾಡಿಗೂ ಇರುವ ಹೊಂದಾಣಿಕೆಯನ್ನು ತಮ್ಮ ಲೇಖಕರು ಮೆಚ್ಚಿಕೊಂಡಿದ್ದಾರೆ. ಆ ಮೆಚ್ಚುಗೆ ಸಲ್ಲಬೇಕಾದವರ ವಿಳಾಸಕ್ಕೆ ಮಾತ್ರ ತಲುಪಿಲ್ಲ.

ಹಾಡು ಹುಟ್ಟಿದ ಬಗೆಯನ್ನು ಇಬ್ಬರೂ ಹೇಳಿಕೊಂಡಿದ್ದಾರೆ. ಉಳಿದ ಹಾಡುಗಳೆಲ್ಲ ಮುಗಿದರೂ ಈ ಒಂದು ಹಾಡು ಕೂಡಿ ಬರದೆ ಆರ್ಲೆನ್ ಒದ್ದಾಡುತ್ತಿದ್ದರು. ಒಂದು ದಿನ ಹೆಂಡತಿಯೊಡನೆ ಕಾರಿನಲ್ಲಿ ಹೋಗುತ್ತಿದ್ದಾಗ, ಹಾಲಿವುಡ್ಡಿನ ಸನ್‌ಸೆಟ್ ಬೊಲೆವಾರ್ಡಿನ ಒಂದು ಔಷಧಿ ಅಂಗಡಿಯ ಬಳಿ ಮಟ್ಟು ಹೊಳೆದು, ಅಲ್ಲೇ ಬರೆದುಕೊಂಡರು. ಕೇಳಿದ ಹಾರ್ಬರ್ಗ್‌ಗೆ ಅದು ಹಿಡಿಸಲಿಲ್ಲ. ಇದು ದೊಡ್ಡ ಕಂಠದ ಗಾಯಕನಿಗೆ ಹೊಂದುತ್ತದೆ, ಹಳ್ಳಿಯ ಪುಟ್ಟ ಹುಡುಗಿಗಲ್ಲ ಎಂದುಬಿಟ್ಟರು. ತೀರ್ಪು ಕೇಳಲು ಐರಾ ಗರ್ಶ್ವಿನ್ ಅವರನ್ನೇ ಕರೆಸಲಾಯಿತು. ಇನ್ನಷ್ಟು ಸರಳವಾಗಿ, ತುಸು ಚುರುಕಾಗಿ ನುಡಿಸು ಎಂದು ಆತ ಸೂಚಿಸಿದ ಮೇಲೆ ಹಾರ್ಬರ್ಗ್ ಒಪ್ಪಿದರು. ಶಾಲೆಯ ಬೆಂಚಿನ ಗೆಳೆತನ ಕಾಲು ಶತಮಾನದ ಆಚೆಗೂ ಹೀಗೆ ಕೆಲಸಕ್ಕೆ ಬಂತು.

ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಆ ಮಟ್ಟಿನ ಮೊದಲ ಎರಡು ಸ್ವರಗಳನ್ನು ತಾವು ನೆನಪು ಮಾಡಿಕೊಳ್ಳಬಹುದು: ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮಧ್ಯ ಷಡ್ಜದಿಂದ ನೇರವಾಗಿ ತಾರ ಷಡ್ಜಕ್ಕೆ ಒಂದೇ ನೆಗೆತ. ಆ ನೆಗೆತವನ್ನು ಹೊರುವ ಎರಡು ಉಚ್ಚಾರದ ಪದವೊಂದು ಬೇಕಿತ್ತು. ಕಾಮನಬಿಲ್ಲಿನ ಆಚೆ ದಡ, ಕಾಮನಬಿಲ್ಲನ್ನು ದಾಟಿ ಹೋಗುವೆ, ಎಂದಾದರೊಂದು ದಿನ ಕಾಮನಬಿಲ್ಲಿನಾಚೆ ಎಂದೆಲ್ಲ ಕೂರಿಸಿ ನೋಡಿದರು, ಯಾವುದೂ ಕೂರಲಿಲ್ಲ. ಆ ಎರಡು ಸ್ವರಗಳನ್ನೇ ಬಿಟ್ಟುಬಿಡೋಣ ಎಂಬ ಯೋಚನೆಯೂ ಒಂದು ಹಂತದಲ್ಲಿ ಬಂದಿತ್ತೆಂದು ಹಾರ್ಬರ್ಗ್ ಹೇಳಿದ್ದಾರೆ. ಕಡೆಗೆ ಸಿಕ್ಕಿದ ಪದ 'ಸಮ್‌ವೇರ್', ಎಂದರೆ 'ಎಲ್ಲೋ'. ಇಲ್ಲಿಂದ ಅಲ್ಲಿಗೆ ಎಷ್ಟು ದೂರವೆಂದು ಸಂಗೀತ ನೆಗೆದು ತೋರಿಸುವ ಹೊತ್ತಿಗೆ ಮಾತೂ ಅದನ್ನೇ ಹೇಳುತ್ತದೆ. ಸಿದ್ಧ ಮಟ್ಟಿಗೆ ಮಾತು ಕೂಡಿಸುವುದನ್ನು ಭರ್ತಿ ಕೆಲಸ ಎಂದು ಹಗುರವಾಗಿ ಕಾಣುವವರು ಈ ಒಂದು ಪದದ ಹಿಂದಿನ ದಿನಗಳನ್ನು ಲೆಕ್ಕ ಹಾಕಬೇಕು. ಹಾಡಿನ ನಡುವಿನ, ಮಕ್ಕಳು ಪಿಯಾನೊ ಕಲಿಯುವಾಗ ನುಡಿಸುವಂತಿರುವ ಭಾಗವಂತೂ, ಆರ್ಲೆನ್ ತಮ್ಮ ನಾಯಿಯನ್ನು ಕರೆಯಲು ಹಾಕುತ್ತಿದ್ದ ಸಿಳ್ಳಿನಿಂದ ಬಂದದ್ದೆಂಬ ಕಥೆಯಿದೆ. ಟೋಟೋಗೆ ಜಾಗ ಕೊಟ್ಟ ಲೇಖಕರು ಆ ನಾಯಿಗೂ ಒಂದು ಸಾಲು ಕೊಡಬಹುದಿತ್ತು.

ಈಗ ಹಗಲುಗನಸಿನ ಆಪಾದನೆಯ ಬಗ್ಗೆ. ಆ ಹಾಡು ಹೇಗೆ ಮುಗಿಯುತ್ತದೆಂದು ದಯವಿಟ್ಟು ಇನ್ನೊಮ್ಮೆ ಕೇಳಬೇಕು. ಅದು ಕನಸು ನನಸಾಯಿತೆಂದಾಗಲಿ, ಆಗುತ್ತದೆಂದಾಗಲಿ ಮುಗಿಯುವುದಿಲ್ಲ. ಹಕ್ಕಿಗಳು ಕಾಮನಬಿಲ್ಲಿನ ಆಚೆಗೆ ಹಾರುತ್ತಿರುವಾಗ ನನಗೇಕೆ ಆಗುವುದಿಲ್ಲ ಎಂಬ ಪ್ರಶ್ನೆಯಲ್ಲಿ ನಿಲ್ಲುತ್ತದೆ. ಏಳು ವರ್ಷ ಹಿಂದಿನ ಡೈಮ್ ಹಾಡೂ ಪ್ರಶ್ನೆಯಲ್ಲೇ ನಿಲ್ಲುತ್ತದೆ. ರೈಲುಹಾದಿ ಕಟ್ಟಿದವನು ಕೇಳುವುದೂ, ಹೊಲಮನೆಯ ಅಂಗಳದಲ್ಲಿ ನಿಂತ ಹುಡುಗಿ ಕೇಳುವುದೂ ಒಂದೇ: ಇದು ಉಳಿದವರಿಗೆ ಇದೆ, ನನಗೇಕೆ ಇಲ್ಲ? 1939ರಲ್ಲಿ ಕಾನ್ಸಾಸ್ ಎಂದಾಗ ಅಮೆರಿಕದ ಪ್ರೇಕ್ಷಕರಿಗೆ ನೆನಪಾಗುತ್ತಿದ್ದುದು ಕಿನ್ನರ ಕಥೆಯಲ್ಲ. ಬರ ಮತ್ತು ದೂಳಿನ ಬಿರುಗಾಳಿಗೆ ಹೊಲ ಬಿಟ್ಟು ಗುಳೆ ಹೋದ ರೈತರು. ಲೇಖಕರು ಇದನ್ನು ಒಪ್ಪದಿರಬಹುದು. ಆದರೆ ಅದೇ ಚಿತ್ರದಲ್ಲಿ ಮಾಂತ್ರಿಕನು ಬುದ್ಧಿ ಬೇಡಿದ ಬೆದರುಗೊಂಬೆಗೆ ಪದವಿಪತ್ರವನ್ನೂ ಧೈರ್ಯ ಬೇಡಿದ ಸಿಂಹಕ್ಕೆ ಪದಕವನ್ನೂ ಕೊಟ್ಟು ಕಳಿಸುವ ದೃಶ್ಯವನ್ನು ನೆನೆಸಿಕೊಳ್ಳಲಿ. ಬುದ್ಧಿ ಇದ್ದವರಿಗೂ ಇಲ್ಲದವರಿಗೂ ಇರುವ ಅಂತರ ಒಂದು ಕಾಗದ ಮಾತ್ರ ಎಂಬ ಆ ಕುಹಕದ ಮಾತುಗಳನ್ನು ಬರೆದವರೂ ಹಾರ್ಬರ್ಗ್ ಅವರೇ. ಚಿತ್ರಕಥೆಗಾರರ ಪಟ್ಟಿಯಲ್ಲಿಯೂ ಅವರ ಹೆಸರಿಲ್ಲ.

ಪೂರ್ವಪ್ರದರ್ಶನವಾದ ಮೇಲೆ, ಕಥೆಯ ಓಟ ಕುಂಟುತ್ತದೆ ಎಂದು ಈ ಹಾಡನ್ನೇ ಚಿತ್ರದಿಂದ ತೆಗೆದುಹಾಕಿದ್ದರು. ನಿರ್ಮಾಣದಲ್ಲಿ ಸಹಾಯಕರಾಗಿದ್ದ ಆರ್ಥರ್ ಫ್ರೀಡ್ ಜಗಳವಾಡಿ ಮತ್ತೆ ಸೇರಿಸಿದರು. ಫ್ರೀಡ್ ಸ್ವತಃ ಗೀತರಚನಕಾರರು ಎಂಬುದು ಕಾಕತಾಳೀಯವಲ್ಲವೇನೋ. ಆ ವರ್ಷದ ಅತ್ಯುತ್ತಮ ಗೀತೆಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು.

ಕಾಮನಬಿಲ್ಲು ಹಾರ್ಬರ್ಗ್ ಅವರನ್ನು ಬಿಡಲಿಲ್ಲ. 1947ರ ಜನವರಿಯಲ್ಲಿ, ಬರ್ಟನ್ ಲೇನ್ ಅವರ ಸಂಗೀತದಲ್ಲಿ, ಫ್ರೆಡ್ ಸೈಡಿ ಅವರ ಜೊತೆ ಸೇರಿ ಬರೆದ 'ಫಿನಿಯನ್ಸ್ ರೈನ್‌ಬೋ' ಬ್ರಾಡ್‌ವೇಗೆ ಬಂತು. ಕರಿಯರನ್ನು ದ್ವೇಷಿಸುವ ದಕ್ಷಿಣದ ಸೆನೆಟರ್ ಒಬ್ಬ ಮಾಟಕ್ಕೆ ಸಿಕ್ಕಿ ತಾನೇ ಕರಿಯನಾಗುವ ಕಥೆ ಅದು. ಕರಿಯ ಮತ್ತು ಬಿಳಿಯ ಕಲಾವಿದರು ಒಂದೇ ವೃಂದದಲ್ಲಿ ಕೂಡಿ ಕುಣಿದ ಮೊದಮೊದಲ ಬ್ರಾಡ್‌ವೇ ನಾಟಕಗಳಲ್ಲಿ ಒಂದಾಗಿ, 725 ಪ್ರದರ್ಶನ ಕಂಡಿತು. ಜನರನ್ನು ನಗಿಸುತ್ತಲೇ ಹೇಳಬೇಕಾದದ್ದನ್ನು ಹೇಳುವ ಕಲೆ ಅಲ್ಲಿ ಪೂರ್ತಿ ಕೈಗೂಡಿದೆ. 1951ರ 'ಫ್ಲಹೂಲಿ'ಯಲ್ಲಿ ಕೈಗೂಡಲಿಲ್ಲ, ನಲವತ್ತು ಪ್ರದರ್ಶನಕ್ಕೆ ನಿಂತಿತು. ಅಲ್ಲಿ ಉಪದೇಶ ಮುಂದೆ ಓಡಿ ಹಾಡು ಹಿಂದೆ ಉಳಿಯಿತು ಎಂದು ಅಭಿಮಾನಿಯಾದ ನಾನೂ ಒಪ್ಪುತ್ತೇನೆ.

ಅಷ್ಟರಲ್ಲಿ ಅವರ ಹೆಸರು, ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಕೆಲಸ ನಿರಾಕರಿಸಲಾಗುತ್ತಿದ್ದವರ ಕಪ್ಪುಪಟ್ಟಿಗೆ ಸೇರಿತ್ತು. ಅವರು ಎಡಪಂಥೀಯ ವಿಚಾರದವರು, ಆದರೆ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿರಲಿಲ್ಲ. 1950ರಲ್ಲಿ ಪ್ರಕಟವಾದ 'ರೆಡ್ ಚಾನೆಲ್ಸ್' ಎಂಬ ಹೊತ್ತಿಗೆ ಬಾನುಲಿ ಮತ್ತು ದೂರದರ್ಶನದ 151 ಮಂದಿಯನ್ನು ಶಂಕಿತರೆಂದು ಹೆಸರಿಸಿತು, ಅವರಲ್ಲಿ ಇವರೂ ಒಬ್ಬರು. ಸುಮಾರು ಹನ್ನೆರಡು ವರ್ಷ ಹಾಲಿವುಡ್ ಚಿತ್ರಗಳ, ಬಾನುಲಿಯ, ಟೆಲಿವಿಷನ್ನಿನ ಬಾಗಿಲು ಮುಚ್ಚಿತು. 1943ರ ಚಿತ್ರವೊಂದಕ್ಕಾಗಿ, ಹೆಂಡತಿಯೊಬ್ಬಳು ತನ್ನ ಗಂಡ ಜೋನನ್ನು ನೆನೆದು ಹಾಡುವ ಹಾಡನ್ನು ಅವರು ಬರೆದಿದ್ದರು. ಅದು ಜೋಸೆಫ್ ಸ್ಟಾಲಿನ್ನನ ಸ್ತುತಿಯಲ್ಲವೇ ಎಂಬ ಸಂಶಯವೂ ವ್ಯಕ್ತವಾಯಿತೆಂದು ಅವರ ಕುಟುಂಬದವರು ಹೇಳಿದ್ದಾರೆ. ಪಟ್ಟಿಗೆ ಬಗ್ಗದಿದ್ದದ್ದು ಬ್ರಾಡ್‌ವೇ ರಂಗಭೂಮಿ ಮಾತ್ರ. 1957ರಲ್ಲಿ ಲೀನಾ ಹಾರ್ನ್ ಅಭಿನಯದ 'ಜಮೈಕಾ' ಅಲ್ಲಿ ಯಶಸ್ವಿಯಾಯಿತು.

ತಮ್ಮ ಲೇಖನದಲ್ಲಿ, ಟೆಲಿವಿಷನ್ನಿನಿಂದಾಗಿ ಈ ಚಿತ್ರ ಅಮೆರಿಕದ ಮನೆಮನೆಯ ಸ್ವತ್ತಾಯಿತು ಎಂಬ ಮಾತಿದೆ. ಅದು ನಿಜ. ಸಿಬಿಎಸ್ ಎಂಬ ಟೆಲಿವಿಷನ್ ಸಂಸ್ಥೆ ಅದನ್ನು ಮೊದಲು ಪ್ರಸಾರ ಮಾಡಿದ್ದು 1956ರ ನವೆಂಬರ್ 3ರಂದು. 1959ರಿಂದ ಅದು ವರ್ಷಕ್ಕೊಮ್ಮೆ ನಡೆಯುವ ಹಬ್ಬದಂತೆ ಆಯಿತು. ಆದರೆ ಆ ತಾರೀಖುಗಳನ್ನು ಕಪ್ಪುಪಟ್ಟಿಯ ಪಕ್ಕದಲ್ಲಿ ಇಟ್ಟು ನೋಡಿ. ಕೋಟಿಗಟ್ಟಲೆ ಜನ ಮಕ್ಕಳೊಡನೆ ಕುಳಿತು ಟೆಲಿವಿಷನ್ನಿನಲ್ಲಿ ಕಾಮನಬಿಲ್ಲಿನ ಹಾಡನ್ನು ಕೇಳುತ್ತಿದ್ದ ಆ ರಾತ್ರಿಗಳಲ್ಲಿ, ಅದನ್ನು ಬರೆದವರಿಗೆ ಅದೇ ಟೆಲಿವಿಷನ್ನಿಗಾಗಿ ಹಾಡು ಬರೆಯುವ ಅವಕಾಶವಿರಲಿಲ್ಲ. ಹಾಡು ಬೇಕು, ಬರೆದವನು ಬೇಡ ಎಂಬುದು ಆಗಿನ ನೀತಿಯಾಗಿತ್ತು. ಇಂದು ಯಾರೂ ಹಾಗೆ ಉದ್ದೇಶಪೂರ್ವಕವಾಗಿ ಮಾಡುವುದಿಲ್ಲ, ತಮ್ಮ ಪತ್ರಿಕೆಯಂತೂ ಖಂಡಿತ ಇಲ್ಲ. ಆದರೂ ಅವರ ಹೆಸರು ಬಿಟ್ಟುಹೋದಾಗ ನನಗೆ ಆ ಹನ್ನೆರಡು ವರ್ಷಗಳೇ ನೆನಪಾಗುತ್ತವೆ.

1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ 92ನೇ ಬೀದಿಯ 'ವೈ' ಸಭಾಂಗಣದಲ್ಲಿ, ಗೀತರಚನಕಾರರೇ ವೇದಿಕೆ ಏರಿ ತಮ್ಮ ಹಾಡುಗಳ ಬಗ್ಗೆ ಮಾತಾಡುವ ಕಾರ್ಯಕ್ರಮ ಮಾಲೆಯೊಂದು ಶುರುವಾದಾಗ ಮೊದಲ ಅತಿಥಿಯಾಗಿ ಬಂದವರು ಹಾರ್ಬರ್ಗ್. 1981ರ ಮಾರ್ಚ್ 5ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಲಾಸ್ ಏಂಜಲಿಸ್‌ನ ಸನ್‌ಸೆಟ್ ಬೊಲೆವಾರ್ಡಿನಲ್ಲಿ ಕಾರಿನಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆರ್ಲೆನ್‌ಗೆ ಕಾರಿನಲ್ಲಿ ಆ ಮಟ್ಟು ಹೊಳೆದದ್ದೂ ಅದೇ ರಸ್ತೆಯಲ್ಲಿ. 2005ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಮುಂದಿನ ವಾರದ ಪುರವಣಿಯಲ್ಲಿ ತಿದ್ದುಪಡಿ ಹಾಕುವ ಮನಸ್ಸಿದ್ದರೆ ಒಂದೇ ಸಾಲು ಸಾಕು. ಲೇಖಕರು ಈ ಮಾಲೆಯನ್ನು ಮುಂದುವರಿಸುವುದಾಗಿ ಬರೆದಿರುವುದರಿಂದ, ಬರಲಿರುವ ಹಾಡುಗಳಿಗೂ ಗಾಯಕರ ಹೆಸರಿನ ಪಕ್ಕದಲ್ಲಿ ಸಾಹಿತ್ಯ ಯಾರದೆಂದು ಅಚ್ಚು ಹಾಕಿಸಬೇಕೆಂದು ಕೋರುತ್ತೇನೆ. ಹೆಸರಿನ ಕಾಗುಣಿತದಲ್ಲಿ ಗೊಂದಲವಾಗದಿರಲೆಂದು ಇಲ್ಲಿ ಮತ್ತೊಮ್ಮೆ ಬರೆಯುತ್ತಿದ್ದೇನೆ: ಇ. ವೈ. ಹಾರ್ಬರ್ಗ್.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬಾನುಲಿ ಉದ್ಘೋಷಕ,
ಧಾರವಾಡ